ರಬ್ಬರ್ ಬಿಲ್ಲೆಯ ಮೇಲಿನ ಹಾಳೆ

ಅಂದು ಬೆಂಚಿನ ಮುಂದೆ ನಿಂತು ನಾನು ಆ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ತೋರಿಸಿದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಕಿತ್ತದ್ದು, ಅದು ಉಗುರಿಗೆ ಅಂಟಿಕೊಂಡದ್ದು, ಕೈ ಕೊಡವಿದ್ದು ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ಚಿತ್ರ ಅಂದಿನದೋ, ಆಮೇಲೆ ನನ್ನ ಅನುಕೂಲಕ್ಕೆ ಬರೆದುಕೊಂಡದ್ದೋ?

ಎಂಬತ್ತರ ದಶಕದ ಕೊನೆ. ಪರದೇಶದ ನಗರವೊಂದರಲ್ಲಿ, ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ಸಣ್ಣ ವರ್ಕ್‌ಶಾಪಿನಲ್ಲಿ ಕಂಪ್ಯೂಟರುಗಳಿಗೆ ಯುಪಿಎಸ್ ಜೋಡಿಸುತ್ತಿದ್ದೆವು. ಡಿಗ್ರಿ ಇದ್ದವನು ನಾನೊಬ್ಬನೇ. ಜೋಡಣೆಯ ಕೆಲಸ ಮಂಗಳೂರಿನ ಒಬ್ಬ ಹಿರಿಯರದು. ರೇಡಿಯೋ ರಿಪೇರಿ ಮಾಡುತ್ತಲೇ ಕೈ ಪಳಗಿಸಿಕೊಂಡವರು. ಟ್ರಾನ್ಸಿಸ್ಟರಿನ ಬಿಸಿ ಅಲ್ಯೂಮಿನಿಯಂ ರೆಕ್ಕೆಗಳಿಗೆ ಹರಿಯಬೇಕು, ವಿದ್ಯುತ್ ಹರಿಯಬಾರದು. ಅದಕ್ಕೆ ಅವರು ಅಭ್ರಕದ ಚೂರಿಟ್ಟು ಎರಡೂ ಬದಿಗೆ ಬಿಳಿ ಪೇಸ್ಟ್ ಸವರುತ್ತಿದ್ದರು. ನಾನು ಹಟ ಹಿಡಿದು ಹೊಸದನ್ನು ತರಿಸಿದೆ: ಸಿಲಿಕೋನ್ ರಬ್ಬರಿಗೆ ಸೆರಾಮಿಕ್ ಪುಡಿ ಬೆರೆಸಿದ ಬೂದು ಬಿಲ್ಲೆ.

"ರಬ್ಬರಿನಲ್ಲಿ ಬಿಸಿ ಎಂತ ಹೋಗ್ತದೆ ಸಾರ್? ಚಪ್ಪಲಿ ಹಾಕಿ ಕೆಂಡ ತುಳಿದ ಹಾಗಾಯ್ತು," ಎಂದು ಅವರು ನಕ್ಕರು.

"ಒಳಗಿನ ಪುಡಿ ಒಯ್ಯುತ್ತೆ. ನೀವು ಸುಮ್ನೆ ನಾನು ಮಾಡಿದ ಹಾಗೆ ಮಾಡಿ," ಎಂದೆ.

ಒಂದು ಮಾದರಿ ಜೋಡಿಸಿ ತೋರಿಸಿದೆ. ತಿರುಪುಗಳ ಮೇಲೆ ಬಣ್ಣದ ಚುಕ್ಕೆಯಿಟ್ಟು, ಮುಚ್ಚಳದೊಳಗೆ ಕೆಂಪು ಶಾಯಿಯಲ್ಲಿ ಸಹಿ ಹಾಕಿದೆ. ಅದು ಶೆಲ್ಫ್ ಸೇರಿತು. ಕರೆಂಟ್ ಕೊಟ್ಟು ನೋಡಲಿಲ್ಲ.

ಹತ್ತು ನಿಮಿಷದ ಪರೀಕ್ಷೆ ದಾಟಿ ಅದೇ ಊರಿನ ಗಿಗಿರಿ ಬಡಾವಣೆಯ ಆಫೀಸಿಗೆ ಹೋದ ಯುಪಿಎಸ್‌ಗಳು ಒಂದೊಂದಾಗಿ ಸುಟ್ಟು ವಾಪಸು ಬಂದವು. ಬಿಚ್ಚಿದರೆ ಬಿಲ್ಲೆಗೂ ಅಲ್ಯೂಮಿನಿಯಂಗೂ ನಡುವೆ ಕಂದಿದ ಹಾಳೆ. ಧೂಳು ಕೂರದಿರಲೆಂದು ತಯಾರಕರು ಬಿಲ್ಲೆಯ ಒಂದು ಬದಿಗೆ ಅಂಟಿಸಿ ಕಳಿಸುವ ಹಾಳೆ ಅದು. ಕೀಳದಿದ್ದರೆ ಬಿಸಿ ಅಲ್ಲೇ ನಿಲ್ಲುತ್ತದೆ.

ಆ ಹಿರಿಯರ ವರ್ಕ್ ಪರ್ಮಿಟ್ ಇದ್ದದ್ದು ವರ್ಕ್‌ಶಾಪಿನ ಹೆಸರಲ್ಲಿ. ಕೆಲಸ ಹೋದರೆ ದೇಶವೂ ಹೋದಂತೆ. ಮಗಳು ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಇದೆಲ್ಲ ನನಗೆ ಗೊತ್ತಿತ್ತು.

"ಹಾಳೆ ಕೀಳ್ಬೇಕು ಅಂತ ತೋರ್ಸಿದ್ರಾ, ಇಲ್ವಾ?" ಮಾಲೀಕರು ನನ್ನನ್ನು ಕೇಳಿದರು.

"ತೋರಿಸಿದ್ದೆ. ಚೆನ್ನಾಗಿ ನೆನಪಿದೆ."

"ಇಲ್ಲ ಸಾರ್. ನೀವು ಮಾಡಿದ್ದನ್ನೇ ನಾನು ಮಾಡಿದ್ದು. ಒಮ್ಮೆ ನೆನಪು ಮಾಡಿ ಮಾರಾಯ್ರೆ," ಎಂದರು ಹಿರಿಯರು. ದನಿ ಏರಿಸಲಿಲ್ಲ.

"ಅಷ್ಟು ಓದಿದೋರು ಸುಳ್ಳು ಹೇಳ್ತಾರೇನ್ರೀ?" ಎಂದು ಮಾಲೀಕರು ಎದ್ದರು.

ಶೆಲ್ಫಿನ ಮೇಲಿನ ಮಾದರಿಯನ್ನು ಬಿಚ್ಚೋಣವೆಂದು ಮೂವರಲ್ಲಿ ಯಾರೂ ಹೇಳಲಿಲ್ಲ. ಅವರಿಬ್ಬರಿಗೆ ಹೊಳೆಯದಿರಬಹುದು. ನನಗೆ ಹೊಳೆದಿತ್ತೇ? ಅದನ್ನೂ ಖಚಿತವಾಗಿ ಹೇಳಲಾರೆ. ಮಗಳ ಪರೀಕ್ಷೆಗೆ ಮುಂಚೆಯೇ ಆ ಕುಟುಂಬ ಮಂಗಳೂರಿಗೆ ಹೊರಟುಹೋಯಿತು. ನನಗೆ ಬಡ್ತಿ ಸಿಕ್ಕಿತು.

ತೊಂಬತ್ತರ ದಶಕದಲ್ಲಿ ವರ್ಕ್‌ಶಾಪ್ ಹರ್ಲಿಂಗ್‌ಹ್ಯಾಮ್ ಬಡಾವಣೆಗೆ ಹೋಯಿತು. ಸಾಮಾನು ಕಟ್ಟುವಾಗ ಆ ಮಾದರಿ ಕೈಗೆ ಬಂತು. ಮುಚ್ಚಳದೊಳಗೆ ನನ್ನ ಕೆಂಪು ಸಹಿ. ತಿರುಪುಗಳ ಮೇಲಿನ ಬಣ್ಣದ ಚುಕ್ಕೆ ಒಂದೂ ಒಡೆದಿರಲಿಲ್ಲ, ಅಂದರೆ ನನ್ನ ನಂತರ ಬೇರೆ ಯಾರೂ ಬಿಚ್ಚಿಲ್ಲ. ಬಿಚ್ಚಿ, ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಾಳೆ ಹಾಗೇ ಇತ್ತು.