ಹಸುವಿನ ಹೊಟ್ಟೆಯಲ್ಲಿ ಸಿಕ್ಕ ಆನೆ ಕಾಸು

ನಾಣ್ಯ ಕೂಡಿಡುವ ಹುಚ್ಚಿನವರ ಬಳಿ ಕಥೆಗಳಿಗೆ ಬರವಿಲ್ಲ. ಕಳೆದುಹೋದ ನಾಣ್ಯ ತಾನಾಗಿ ಮನೆಗೆ ಬಂತು, ಯಾವುದೋ ನಾಣ್ಯ ತಂದಿಟ್ಟ ಮೇಲೆ ಮನೆಯವರಿಗೆಲ್ಲ ಒಂದೇ ಕನಸು ಬೀಳತೊಡಗಿತು, ಹೀಗೆ ಹೇಳುತ್ತಲೇ ಇರುತ್ತಾರೆ. ಇಂಥ ಮಾತು ಶುರುವಾದರೆ ನಾನು ಚಹಾ ಕುಡಿಯುವ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ನಾಣ್ಯವೆಂದರೆ ನನಗೆ ಲೋಹ, ಅಚ್ಚು, ತೂಕ, ಅದನ್ನು ಹೊಡೆಸಿದ ದೊರೆಯ ಕಾಲ. ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ ಎಂದು ನಂಬಿದ್ದೆ. ಈಗ ಹೇಳಲಿರುವುದನ್ನು ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ನೀವೂ ನಂಬಲೇಬೇಕೆಂದು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನನ್ನ ಊರು ರಾಯದುರ್ಗ. ಕೆಲಸ ಪಶುವೈದ್ಯ ಇಲಾಖೆಯಲ್ಲಿ, ಡಾಕ್ಟರರ ಕೈಕೆಳಗೆ. ಕುರಿ ಎಮ್ಮೆಗಳಿಗೆ ಸೂಜಿ ಹಾಕುತ್ತ ಹಳ್ಳಿ ಹಳ್ಳಿ ತಿರುಗಿದ್ದರಿಂದಲೇ ನನ್ನ ಸಂಗ್ರಹ ಬೆಳೆಯಿತು. ಕುರಿ ಹುಷಾರಾದ ಖುಷಿಯಲ್ಲಿ ಯಾರೋ ಒಬ್ಬರು ಗೋಡೆಯ ಗೂಡಿನಿಂದ ಹಳೇ ದುಡ್ಡು ತೆಗೆದು, "ನಿಮಗ ಬೇಕಂತಲ್ರಿ, ತಗೋರ್ರಿ" ಎಂದು ಕೈಗಿಡುತ್ತಿದ್ದರು. ಆದರೆ ಈ ಹುಚ್ಚು ಹಿಡಿದದ್ದು ಅದಕ್ಕೂ ಬಹಳ ಮೊದಲು, ನಾನು ಇನ್ನೂ ಸಣ್ಣ ಹುಡುಗನಾಗಿದ್ದಾಗ. ನಮ್ಮ ಮನೆಯ ಮಾಳಿಗೆಗೆ ಹಾಕಲು ಊರಾಚೆಯಿಂದ ಗಾಡಿಯಲ್ಲಿ ಚೌಳು ಮಣ್ಣು ತರಿಸಿದ್ದರು. ಅದರಲ್ಲಿ ಒಂದು ತಾಮ್ರದ ಕಾಸು ಸಿಕ್ಕಿತು. ಮೈಸೂರು ಸೀಮೆಯ ಹಳೇ ಕಾಸು, ಒಂದು ಬದಿಗೆ ಆನೆ. ಕೊರಳಿಗೆ ಕಟ್ಟಿಕೊಳ್ಳುವ ಆಸೆಯಿಂದ ಮೊಳೆಯಿಟ್ಟು ಕಲ್ಲಿನಿಂದ ಕುಟ್ಟಿ ತೂತು ಮಾಡಲು ಹೋದೆ. ಮೊಳೆ ಜಾರಿತು. ಆನೆಯ ಬೆನ್ನಿನಲ್ಲಿ ಅರ್ಧ ಇಳಿದ ಒಂದು ಕುಳಿ, ಅಲ್ಲಿಂದ ಸೊಂಡಿಲವರೆಗೆ ಕುಡುಗೋಲಿನಂತೆ ಬಾಗಿದ ಒಂದು ಗೀರು ಉಳಿದವು. ಅಪ್ಪ ಬಂದು ಮೊಳೆ ಕಿತ್ತುಕೊಂಡರು.

ಆ ಕಾಲದಲ್ಲಿ ಇಂಥ ಕಾಸುಗಳನ್ನು ಒಂದೊಂದಾಗಿ ಕೈಯಲ್ಲೇ ಅಚ್ಚೊತ್ತುತ್ತಿದ್ದರು. ಒಂದರಲ್ಲಿ ಆನೆಯ ಬಾಲ ಬಿದ್ದಿದ್ದರೆ ಇನ್ನೊಂದರಲ್ಲಿ ಬಿದ್ದಿರುವುದಿಲ್ಲ, ಅಂಚುಗಳೂ ಬೇರೆ ಬೇರೆ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಮುಂದಿನದು ತಿಳಿಯಲು ಓದುಗರಿಗೆ ಇಷ್ಟು ಗೊತ್ತಿದ್ದರೆ ಸಾಕು.

ಕೆಲವು ವರ್ಷಗಳ ಹಿಂದೆ ನನಗೆ ಮಡಕಶಿರಾಕ್ಕೆ ವರ್ಗವಾಯಿತು. ಹೆಂಡತಿ ಮಕ್ಕಳು ರಾಯದುರ್ಗದಲ್ಲೇ ಉಳಿದರು, ನಾಣ್ಯದ ಪೆಟ್ಟಿಗೆಯೂ ಅಲ್ಲೇ ಉಳಿಯಿತು. ಒಂದು ಬೆಳಿಗ್ಗೆ ರೊಳ್ಳದ ಹತ್ತಿರದ ಹಳ್ಳಿಯಿಂದ ರಂಗಪ್ಪ ಎಂಬ ರೈತ ಫೋನ್ ಮಾಡಿದ. ಅವನ ಹಸು ಮೇವು ಬಿಟ್ಟು ಹೊಟ್ಟೆಯುಬ್ಬಿಸಿಕೊಂಡು ಮಲಗಿತ್ತು. ನಮ್ಮ ಡಾಕ್ಟರಮ್ಮ ಬಂದು ಮುಟ್ಟಿ ನೋಡಿ, ಹೊಟ್ಟೆ ಕೊಯ್ಯದೆ ವಿಧಿಯಿಲ್ಲ ಎಂದರು. ಹುಣಸೆ ಮರದ ನೆರಳಲ್ಲೇ ಕೆಲಸ ನಡೆಯಿತು. ಪ್ಲಾಸ್ಟಿಕ್ ಚೀಲ, ಹಗ್ಗದ ತುಂಡು, ಎರಡು ಮೊಳೆ ಹೊರಬಂದವು. ಕೊನೆಗೆ ಒಂದು ಬಟ್ಟೆಯ ಉಂಡೆ, ಅದರೊಳಗೆ ಒಂದು ಕಾಸು. ನನ್ನ ಹುಚ್ಚು ಬಲ್ಲ ಡಾಕ್ಟರಮ್ಮ ನಕ್ಕು, "ಇದಿಗೋಂಡಿ, ಮೀ ಸೊತ್ತು" (ತಗೊಳ್ಳಿ, ನಿಮ್ಮ ಸೊತ್ತು) ಎಂದು ತೆಲುಗಿನಲ್ಲಿ ಹೇಳಿ ನನ್ನ ಅಂಗೈಗೆ ಹಾಕಿದರು.

ನೀರಲ್ಲಿ ತೊಳೆದೆ. ಆನೆ ಕಾಣಿಸಿತು. ಬೆನ್ನಿನಲ್ಲಿ ಅರ್ಧ ಇಳಿದ ಕುಳಿ. ಅಲ್ಲಿಂದ ಸೊಂಡಿಲವರೆಗೆ ಬಾಗಿದ ಗೀರು.

ಮೊದಲು ಅನ್ನಿಸಿದ್ದು ಒಂದೇ, ನನ್ನ ಪೆಟ್ಟಿಗೆ ಕಳುವಾಗಿದೆ. ಮರದ ಹಿಂದೆ ಹೋಗಿ ಹೆಂಡತಿಗೆ ಫೋನ್ ಮಾಡಿ, ಪೆಟ್ಟಿಗೆ ತೆಗೆದು ಆನೆ ಕಾಸು ಇದೆಯಾ ನೋಡು ಅಂದೆ. ಬೀರು ತೆಗೆಯುವ ಸದ್ದು ಕೇಳಿಸಿತು.

"ಐತ್ರಿ. ಯಾಕ್ರಿ?"

"ಗೀರು ಐತೇನು ಅದರ ಮ್ಯಾಲ?"

"ಐತ್ರಿ, ನೀವ ಮಾಡಿದ್ದಲ್ಲೇನ್ರಿ ಅದು? ಏನಾತ್ರಿ, ದನಿ ಹಿಂಗ್ಯಾಕ ಆಗೇತಿ?"

ಆಮೇಲೆ ಮಾಡುತ್ತೇನೆಂದು ಫೋನ್ ಇಟ್ಟೆ.

ಅಷ್ಟರಲ್ಲಿ ರಂಗಪ್ಪನ ತಾಯಿ ಈರಮ್ಮ ಕೋಲೂರಿಕೊಂಡು ಬಂದರು. ಎಂಬತ್ತರ ಆಸುಪಾಸಿನ ಹೆಂಗಸು. ನನ್ನ ಕೈಯಲ್ಲಿದ್ದುದನ್ನು ನೋಡಿದ್ದೇ ನೆಲದ ಮೇಲೆ ಕೂತುಬಿಟ್ಟರು.

"ನನ್ ಎಲೆಅಡಿಕೆ ಸಂಚೀಲಿ ಇತ್ತು ಡಾಕ್ಟ್ರೇ. ಉಗಾದಿಗೆ ಮುಂಚೆ ಸಂಚೀನೇ ಕಾಣದಂಗಾಯ್ತು. ಇದು ತಿಂದ್ಕಂಡಿತ್ತು ನೋಡಿ" ಎಂದರು.

ಈ ಗೀರು ಹೇಗಾಯಿತಮ್ಮ ಎಂದು ಕೇಳಿದೆ.

"ನನ್ ತಮ್ಮ ಮಾಡಿದ್ದು. ಕೊರಳ್ಗೆ ಕಟ್ಕಂತೀನಿ ಅಂತ ಮೊಳೆ ಮಡಗಿ ಕಲ್ಲಲ್ಲಿ ಕುಟ್ಟಿದ. ಮೊಳೆ ಜಾರಿ ಹೆಬ್ಬೆಟ್ಟಿಗೆ ಬಿತ್ತು. ಎಡಗೈದು. ಉಗುರು ಸೀಳೋಯ್ತು. ಆಮೇಲೆ ಎಷ್ಟು ಬೆಳದ್ರೂ ಎಲ್ಡು ಸೀಳಾಗೇ ಬೆಳೀತಿತ್ತು."

"ಅವರು ಈಗ ಎಲ್ಲಿದಾರೆ?"

"ಇನ್ನೆಲ್ಲಿ ಅವನೆ. ನಮ್ಮಪ್ಪನ ಜೊತೆ ಕುರಿ ಹೊಡ್ಕಂಡು ರಾಯದುರ್ಗದ ಕಡೀಕೆ ಹೋದ. ಹೋಗುವಾಗ ಇದನ್ನ ನನ್ ಕೈಲಿ ಕೊಟ್ಟು, ಜ್ವಾಪಾನ ಕಣಕ್ಕ ಅಂದಿದ್ದ. ಅಲ್ಲೇ ಜ್ವರ ಬಂತಂತೆ. ಊರಾಚೆ ಮಣ್ಣು ಮಾಡಿ ಬಂದ್ರು."

ನಾನು ಎಡಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ. ಅದು ಅವರ ಕಣ್ಣಿಗೆ ಬಿತ್ತು. ಕೈ ಚಾಚಿ ನನ್ನ ಮಣಿಕಟ್ಟು ಹಿಡಿದು ಮುಂದಕ್ಕೆಳೆದುಕೊಂಡರು. ಚಿಕ್ಕಂದಿನಲ್ಲಿ ಆ ಮೊಳೆ ಜಾರಿದ ದಿನದಿಂದ ನನ್ನ ಹೆಬ್ಬೆರಳಿನ ಉಗುರು ಎರಡು ಸೀಳಾಗಿಯೇ ಬೆಳೆಯುತ್ತಿದೆ. ಈರಮ್ಮ ಆ ಉಗುರಿನ ಮೇಲೆ ತಮ್ಮ ಬೆರಳನ್ನು ಒಂದು ಸಲ ಆಡಿಸಿದರು. ಅಳಲಿಲ್ಲ, ಬೆಚ್ಚಲಿಲ್ಲ. ಅಲ್ಲಿಯವರೆಗೆ ಡಾಕ್ಟ್ರೇ, ನೋಡಿ ಎನ್ನುತ್ತಿದ್ದವರು, "ಉಂಡ್ಯೇನೋ?" ಎಂದರು.

ಉಂಡಿಲ್ಲ ಎಂದೆ. ಮುದ್ದೆ, ಹುರುಳಿ ಸಾರು ಬಡಿಸಿದರು. ಎದುರಿಗೆ ಕೂತು ನಾನು ಉಣ್ಣುವುದನ್ನೇ ನೋಡುತ್ತಿದ್ದರು. ರಂಗಪ್ಪ ಹಸುವಿನ ಹತ್ತಿರವಿದ್ದ. ಅವನಿಗೆ ಇದಾವುದೂ ತಿಳಿಯಲಿಲ್ಲ.

ಮುಂದಿನ ವಾರ ಊರಿಗೆ ಹೋದಾಗ ನನ್ನ ಕಾಸನ್ನು ತಂದೆ. ರಂಗಪ್ಪನ ಮನೆಯ ಜಗುಲಿಯಲ್ಲಿ, ಈರಮ್ಮನ ಕೈಗೇ ಕೊಟ್ಟು ಬಂದಿದ್ದ ಕಾಸಿನ ಪಕ್ಕದಲ್ಲಿ ನನ್ನದನ್ನಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಬಣ್ಣವೊಂದು ಬೇರೆ. ನನ್ನದು ಕಪ್ಪು ತಿರುಗಿತ್ತು, ಹಸುವಿನ ಹೊಟ್ಟೆಯದು ಕೆಂಪಗಿತ್ತು. ಅಂಚಿನ ಬಿರುಕು, ಕುಳಿಯ ಆಳ, ಗೀರು ಕೊನೆಯಲ್ಲಿ ತೆಳುವಾಗುತ್ತ ನಿಂತ ಜಾಗ, ಎಲ್ಲವೂ ಒಂದೇ. ಇಷ್ಟು ವರ್ಷ ನಾಣ್ಯ ನೋಡಿದ ಕಣ್ಣಿಗೆ ಒಂದು ಕೂದಲೆಳೆಯ ವ್ಯತ್ಯಾಸ ಸಿಗಲಿಲ್ಲ.

ಈರಮ್ಮ ಎರಡನ್ನೂ ಎತ್ತಿಕೊಂಡು, ಕಣ್ಣು ಮುಚ್ಚಿ, ಒಂದೊಂದನ್ನೇ ಬೆರಳಲ್ಲಿ ಸವರಿದರು. ನಾನು ತಂದಿದ್ದ ಕಪ್ಪು ಕಾಸನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಇದು ನನ್ ತಾವ ಇರ್ಲಿ. ಅದು ನೀನು ಇಟ್ಕ" ಎಂದರು.

ಅದು ನನ್ನ ಮೊದಲ ನಾಣ್ಯ. ಇಡೀ ಸಂಗ್ರಹ ಕೊಡೆಂದರೂ ಅಷ್ಟು ಸಂಕಟವಾಗುತ್ತಿರಲಿಲ್ಲ. ಅದು ನಾನು ತಂದದ್ದಮ್ಮ ಎಂದೆ. ಗೊತ್ತು ಎನ್ನುವಂತೆ ತಲೆಯಾಡಿಸಿದರು. ಮುಷ್ಟಿ ಬಿಚ್ಚಲಿಲ್ಲ. ಕೆಂಪು ಕಾಸನ್ನು ಜೇಬಿಗೆ ಹಾಕಿಕೊಂಡು ಬಂದೆ.

ಬಳ್ಳಾರಿಯಲ್ಲಿ ನನ್ನಂತೆಯೇ ನಾಣ್ಯ ಕೂಡಿಡುವ ಗೆಳೆಯನೊಬ್ಬನಿದ್ದಾನೆ. ಅವನಿಗೆ ಕಾಸು ತೋರಿಸಿ ಎಲ್ಲ ಹೇಳಿದೆ. ಯಾರೋ ಒಂದು ಕಾಸನ್ನು ಮಣ್ಣಿಗೊತ್ತಿ ಎರಕ ಹೊಯ್ದಿರಬೇಕು, ಗೀರೂ ಜೊತೆಗೇ ಬಂದಿದೆ ಎಂದ. ಆದರೆ ಎರಕದ ಗುರುತು ಕಾಸಿನಲ್ಲಿಲ್ಲ, ಅದನ್ನು ಅವನೇ ಒಪ್ಪಿದ. ಹಾಗಾದರೆ ಗೀರಿದ್ದ ಕಾಸೇ ನಿನಗೆ ಸಿಕ್ಕಿರಬೇಕು, ನೀನೇ ಗೀರಿದ್ದೆಂದು ಆಮೇಲೆ ಕಲ್ಪಿಸಿಕೊಂಡಿದ್ದೀಯ ಎಂದ. ಇರಬಹುದು, ಬಾಲ್ಯದ ನೆನಪನ್ನು ಅಷ್ಟು ನೆಚ್ಚುವಂತಿಲ್ಲ. ಉಗುರಿನ ಮಾತೆತ್ತಿದಾಗ ಅವನು ನನ್ನ ಬೆರಳನ್ನು ನೋಡಿ ಕಾಸನ್ನು ಹಿಂದಕ್ಕೆ ಕೊಟ್ಟ. ಸತ್ತವರು ಮತ್ತೆ ಹುಟ್ಟುತ್ತಾರೆಂದು ನಾನು ಆಗಲೂ ನಂಬಿದವನಲ್ಲ, ಈಗಲೂ ನಂಬುವುದಿಲ್ಲ. ನಂಬಿದರೂ ಒಂದು ಕಾಸು ಎರಡಾದದ್ದಕ್ಕೆ ಅದು ಉತ್ತರವಾಗುವುದಿಲ್ಲ.

ಈರಮ್ಮ ಈ ವಿಷಯವನ್ನು ನನ್ನ ಬಳಿ ಮತ್ತೆ ಯಾವತ್ತೂ ಎತ್ತಲಿಲ್ಲ. ನಾನೂ ಕೆದಕಲಿಲ್ಲ. ಆ ಕಡೆ ಕೆಲಸ ಬಿದ್ದಾಗ ಹೋಗುತ್ತೇನೆ, ಉಂಡು ಬರುತ್ತೇನೆ.

ಹೋದ ತಿಂಗಳು ಮಡಕಶಿರಾದ ಸಂತೆಯಲ್ಲಿ ಟೊಮೆಟೊ ಆರಿಸುತ್ತ ನಿಂತಿದ್ದೆ. ರಂಗಪ್ಪನಿಗೆ ಹೆಚ್ಚು ಕಡಿಮೆ ನನ್ನದೇ ವಯಸ್ಸು, ಯಾವಾಗಲೂ ಸಾರ್ ಎಂದೇ ಕರೆಯುವವನು. ಜನರ ನಡುವಿನಿಂದ ಅವನ ದನಿ ಕೇಳಿಸಿತು. "ಮಾವ, ಅಮ್ಮ ಬರೋಕ್ ಹೇಳವ್ಳೆ" ಎಂದು ನನ್ನನ್ನೇ ಕರೆಯುತ್ತಿದ್ದ.

ಹಾಗೆ ಕರೆಯಲು ಯಾರು ಹೇಳಿಕೊಟ್ಟರು ಎಂದು ನಾನು ಕೇಳಲಿಲ್ಲ. ಟೊಮೆಟೊ ಅಲ್ಲೇ ಬಿಟ್ಟು ಅವನ ಬೈಕಿನ ಹಿಂದೆ ಹತ್ತಿ ಕೂತೆ.