ಶಾಲು ನೋಡಿದ ಫಿಯೋರ್ಡ್

ಮೆಲ್ಬರ್ನಿನ ಟ್ರುಗನಿನಾದ ಆ ಮನೆಯಲ್ಲಿ ಶನಿವಾರ ಸಂಜೆ ನಾರ್ವೆ ತೋರಿಸುತ್ತಿದ್ದರು. ಪ್ರವಾಸದ ಫೋಟೋ ಮೂಡುತ್ತಿದ್ದ ದೊಡ್ಡ ಟಿವಿಯ ಪಕ್ಕದಲ್ಲಿ ಮನೆಯ ಯಜಮಾನ ಶಂಭುಲಿಂಗ ರಿಮೋಟ್ ಹಿಡಿದು ನಿಂತಿದ್ದ. ಸೋಫಾದ ತುಂಬ ನೆಂಟರು, ಗೆಳೆಯರು. ಹೋಗಿಬಂದದ್ದು ಗಂಡ ಹೆಂಡತಿ ಇಬ್ಬರೂ ತಾನೇ, ಹೆಂಡತಿ ಹೇಮಲತಾ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅವಳು ಅಡುಗೆಮನೆಯಲ್ಲಿ ಮಿರ್ಚಿ ಬಜ್ಜಿ ಕರಿಯುತ್ತಿದ್ದಳು. ನಾರ್ವೆಯಲ್ಲೂ ಅವಳಿದ್ದದ್ದು ಅಡುಗೆಮನೆಯಲ್ಲೇ.

ಹೇಮಲತಾ ಧಾರವಾಡದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು. ಹಿಮನದಿ ಬೆಟ್ಟವನ್ನು ಹೇಗೆ ಕೊರೆಯುತ್ತದೆ, ಕೊರೆದ ಕಣಿವೆಗೆ ಕಡಲು ಹೇಗೆ ನುಗ್ಗಿ ಫಿಯೋರ್ಡ್ ಆಗುತ್ತದೆ ಎಂಬುದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದಳು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ನೀವು ನೋಡೀರೇನ್ರಿ ಟೀಚರ್?" ಎಂದು ಕೇಳಿಬಿಟ್ಟಳು. "ಇಲ್ಲವಾ, ಒಂದಿನ ನೋಡತೀನಿ" ಅಂದಳು ಹೇಮಲತಾ. ಇಡೀ ಕ್ಲಾಸು ಘೊಳ್ಳೆಂದಿತು. ಮಕ್ಕಳ ನಗುವೇನೋ ಅಲ್ಲಿಗೇ ಮುಗಿಯಿತು, ಅವಳ ಎದೆಯಲ್ಲಿ ಮಾತ್ರ ಮುಳ್ಳಾಗಿ ಉಳಿಯಿತು.

ಮೆಲ್ಬರ್ನಿಗೆ ಬಂದ ಮೇಲೆ ಭೂಗೋಳ ಬಿಟ್ಟುಹೋಯಿತು. ಚೈಲ್ಡ್‌ಕೇರ್ ಕೆಲಸಕ್ಕೆ ಸೇರಿ, ಊರವರ ಮಕ್ಕಳ ಮೂಗು ಒರೆಸುತ್ತ, ಮನೆಯ ಮಾರ್ಟ್‌ಗೇಜಿಗೆ ಹೆಗಲು ಕೊಟ್ಟಳು. ಆದರೆ ಆ ಹುಡುಗಿಗೆ ಕೊಟ್ಟ ಮಾತು ಮರೆಯಲಿಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವಾಗ ಬಂಗಾರ ಬೇಡ, ಸೀರೆ ಬೇಡ, ಫಿಯೋರ್ಡಿನಲ್ಲಿ ಒಂದು ಸಲ ಬೋಟಿನಲ್ಲಿ ಕೂರಿಸಿ ಎಂದು ಗಂಡನನ್ನು ಕೇಳಿದಳು. ಅವಳ ಜನ್ಮದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. "ಆತು ತಗೋ, ಇಬ್ಬರಽ ಹೋಗೂಣು" ಎಂದ ಶಂಭುಲಿಂಗ.

ಇಬ್ಬರೇ ಎಂದವನು ಬಸವ ಜಯಂತಿಯ ಊಟದ ಪಂಕ್ತಿಯಲ್ಲಿ ಬಾಯಿ ಬಿಟ್ಟ. ಪಕ್ಕದಲ್ಲಿ ಮೆಲ್ಬರ್ನಿನದೇ ಗ್ಲೆನ್ ವೇವರ್ಲಿಯ ಬಸವಣ್ಣೆಪ್ಪ ಮತ್ತು ಅವರ ಹೆಂಡತಿ ಅನ್ನಪೂರ್ಣವ್ವ ಕೂತಿದ್ದರು. ಹಿರಿಯರು, ಬೆಳಗಾವಿಯ ಕಡೆಯವರು, ಹೊರಗಿನದನ್ನು ಮುಟ್ಟದವರು.

"ನಮಗೂ ನೋಡೂ ಆಸೆ ಐತಿ ಶಂಭು. ಆದ್ರ ಆ ದೇಶದಾಗ ಊಟದ್ದೇನು? ಬರೇ ಮೀನಂತ" ಎಂದರು ಬಸವಣ್ಣೆಪ್ಪ.

"ಊಟದ ಚಿಂತಿ ಯಾಕ ಮಾಡ್ತೀರಿ ಕಾಕಾ? ನಮ್ಮ ಹೇಮಾ ಇರ್ತಾಳಲ್ಲ. ಬಿಸಿ ರೊಟ್ಟಿ ಬಡದು ಹಾಕ್ತಾಳ."

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂತಾರೆ. ಇಲ್ಲಿ ರಟ್ಟೆ ಹೇಮಲತಾಳದು, ಜಾತ್ರೆ ಉಳಿದವರದು. ಎದುರು ಪಂಕ್ತಿಯಲ್ಲಿ ಕೂತಿದ್ದ ಅವಳು ಎಲ್ಲ ಕೇಳಿಸಿಕೊಂಡಳು. ಆದರೆ ಹಿರಿಯರ ಮುಂದೆ ಇಲ್ಲ ಅನ್ನುವುದು ಹೇಗೆ? ನಮ್ಮ ಕಡೆ ಹೆಣ್ಣುಮಕ್ಕಳಿಗೆ ಎಲ್ಲ ಕಲಿಸುತ್ತಾರೆ, ಅದೊಂದನ್ನು ಕಲಿಸುವುದಿಲ್ಲ.

ಹೊರಡುವ ಹಿಂದಿನ ದಿನ ಸೂಟ್‌ಕೇಸಿನ ತೂಕ ಮೀರಿತು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಕುಕ್ಕರು, ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು, ಇವುಗಳಲ್ಲಿ ಯಾವುದನ್ನೂ ಬಿಡುವಂತಿರಲಿಲ್ಲ. ಶಂಭುಲಿಂಗ ಯೋಚನೆ ಮಾಡಿ ಹೆಂಡತಿಯ ಕೆಂಪು ಜಾಕೆಟ್ ತೆಗೆದು ಹೊರಗಿಟ್ಟ. "ನೀ ಹೆಂಗಿದ್ರೂ ಒಲಿ ಮುಂದ ಇರ್ತೀ, ಬೆಚ್ಚಗಿರ್ತೈತಿ" ಎಂದ. ತಮಾಷೆಗೆ ಅಂದನಂತೆ! ತಮಾಷೆಗೆ ಅಂದ ಮಾತನ್ನು ಹತ್ತು ದಿನ ಅಕ್ಷರಶಃ ನಡೆಸಿ ತೋರಿಸಿದ, ಮಹಾರಾಯ.

ನಾರ್ವೆಯಲ್ಲಿ ಅವರು ಹಿಡಿದದ್ದು ಮಾಡಿನ ಮೇಲೆ ಹುಲ್ಲು ಬೆಳೆದ ಮರದ ಮನೆ. ಫಿಯೋರ್ಡಿನ ತುದಿಯ ಹಳ್ಳಿ. ಬೆಳಿಗ್ಗೆ ತಿಂಡಿ, ಬುತ್ತಿ, ಸಂಜೆ ಬರುವಷ್ಟರಲ್ಲಿ ಸಾರು ಮತ್ತು ಪಲ್ಯ. ಮೂವರೂ ಬುತ್ತಿ ಹಿಡಿದು ಬೆಟ್ಟಕ್ಕೆ, ಜಲಪಾತಕ್ಕೆ ಹೊರಟರೆ ಇವಳು ಪಾತ್ರೆಯ ರಾಶಿಯ ಮುಂದೆ. ಅನ್ನಪೂರ್ಣವ್ವನವರಿಗೆ ಮೊಣಕಾಲ ನೋವು, ನಿಂತು ಕೆಲಸ ಮಾಡಲಾಗದು. ಅದೇ ಮೊಣಕಾಲು ಜಲಪಾತದ ನೆತ್ತಿಯವರೆಗೂ ಹತ್ತಿ ಇಳಿಯಿತು. ಹೇಮಲತಾ ಕಂಡ ನಾರ್ವೆಯೆಂದರೆ ಸಿಂಕಿನ ಮೇಲಿನ ಕಿಟಕಿಯಲ್ಲಿ ಒಂದು ಗೇಣು ನೀರು, ಅದರಾಚೆ ಅರ್ಧ ಬೆಟ್ಟ. ಕಾಶಿಗೆ ಹೋದರೂ ಕರ್ಮ ತಪ್ಪಲಿಲ್ಲ ಅನ್ನುವುದು ಇದಕ್ಕೇ ಇರಬೇಕು.

ಮೊದಲ ದಿನವೇ ಹಂಚಿನ ಮೇಲೆ ಹಿಟ್ಟು ಸೀದು ಹೊಗೆಯೆದ್ದು, ಸ್ಮೋಕ್ ಅಲಾರಂ ಕಿವಿ ಹರಿಯುವಂತೆ ಬಡಿದುಕೊಂಡಿತು. ಹೊರಗೆ ಫೋಟೋ ತೆಗೆಯುತ್ತಿದ್ದ ಶಂಭುಲಿಂಗ ಒಳಗೆ ಬರಲಿಲ್ಲ. ಅಲ್ಲಿಂದಲೇ, "ಕಿಟಕಿ ತಗೀ!" ಎಂದು ಕೂಗಿದ. ಆಮೇಲೆ ದಿನವೂ ಅದೇ ನಡೆಯಿತು. ರೊಟ್ಟಿ ಬಡಿಯುವುದು, ಅಲಾರಂ ಹೊಡೆದುಕೊಳ್ಳುವುದು, ಹೊರಗಿನಿಂದ ಕಿಟಕಿ ತಗೀ ಎಂಬ ಕೂಗು. ತೆಗೆದರೆ ಚಳಿ ನೇರ ಎದೆಗೆ ಬರುತ್ತಿತ್ತು, ಜಾಕೆಟ್ ಟ್ರುಗನಿನಾದಲ್ಲಿ ಬೆಚ್ಚಗಿತ್ತು.

ಕೊನೆಯ ದಿನ ಬೋಟು. ಕಡಿದಾದ ಬೆಟ್ಟಗಳ ನಡುವೆ ಫಿಯೋರ್ಡು ಕಿರಿದಾಗುವ ಜಾಗಕ್ಕೆ ಹೋಗಲು ಬೇರೆ ದಾರಿಯಿಲ್ಲ. ಸೆಪ್ಟೆಂಬರ್ ಕೊನೆಯಾದ್ದರಿಂದ ದಿನಕ್ಕೆ ಒಂದೇ ಬೋಟು. ಹಿಂದಿನ ಸಂಜೆ ಹೇಮಲತಾ ಮೊದಲ ಸಲ ಗಟ್ಟಿಯಾಗಿ ಮಾತಾಡಿದಳು.

"ನಾಳೆ ನಾ ಒಲಿ ಹಚ್ಚೂದಿಲ್ಲ. ಎಲ್ಲಾರೂ ಬ್ರೆಡ್ ತಿನ್ನೂಣು."

ಎಲ್ಲರೂ ಹೂಂ ಅಂದರು. ಬೆಳಗಾಯಿತು. ಬಸವಣ್ಣೆಪ್ಪ ಹೊಟ್ಟೆ ಸವರಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದರು.

"ತಂಗಿ, ಬ್ರೆಡ್ ನನಗ ಒಗ್ಗೂದಿಲ್ಲವಾ. ನಾಕ ರೊಟ್ಟಿ ಆದ್ರ ಸಾಕಿತ್ತು."

ನಾಕು ಎಂದರೆ ಅವರ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ನಾಕು. ಹೇಮಲತಾ ಗಂಡನ ಮುಖ ನೋಡಿದಳು. ಇವನಾದರೂ ಬೇಡ ಕಾಕಾ ಅನ್ನಬಾರದೇ? ಅವನು ಬೂಟಿನ ದಾರ ಕಟ್ಟುತ್ತಿದ್ದ.

"ಲಗೂನ ಬಡದು ತಗೊಂಡು ಬಾ. ನಾವು ಮುಂದ ಹೋಗಿ ಸೀಟ್ ಹಿಡೀತೀವಿ. ನಿನ್ನ ಶಾಲು ಕೊಡಿಲ್ಲೆ" ಎಂದ.

ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ಪದ್ಧತಿ ಇದೆಯಲ್ಲ, ಅದನ್ನು ಅಲ್ಲಿಯವರೆಗೂ ಹೊತ್ತುಕೊಂಡು ಹೋಗಿದ್ದ ಪುಣ್ಯಾತ್ಮ. ಹೇಮಲತಾ ರೊಟ್ಟಿ ಕಟ್ಟಿಕೊಂಡು, ಮನೆಯ ಗೂಟಕ್ಕೆ ತೂಗುಹಾಕಿದ್ದ ಯಾರದೋ ಹಳದಿ ರೇನ್‌ಕೋಟ್ ಏರಿಸಿಕೊಂಡು, ಇಳಿಜಾರಿನಲ್ಲಿ ಓಡಿದಳು. ಬೋಟು ನಿಲ್ಲುವ ಕಟ್ಟೆಗೆ ಅವಳು ಮುಟ್ಟಿದಾಗ ಬೋಟು ಹೊರಟುಹೋಗಿತ್ತು. ಹೆಂಡತಿ ಬರುತ್ತಾಳೆ, ಎರಡು ನಿಮಿಷ ನಿಲ್ಲಿಸಿ ಎಂದು ಶಂಭುಲಿಂಗ ಹೇಳಿದನಂತೆ. ಹುಬ್ಬಳ್ಳಿಯ ಕಂಡಕ್ಟರಾದರೆ ಬೈದಾದರೂ ನಿಲ್ಲಿಸುತ್ತಿದ್ದ, ಇವರು ನಿಲ್ಲಿಸಲಿಲ್ಲ. ನಿಲ್ಲಿಸದಿದ್ದರೆ ತಾನು ಇಳಿಯಬಹುದಿತ್ತಲ್ಲ? ಅದು ಅವನಿಗೆ ಹೊಳೆಯಲೇ ಇಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಏದುಸಿರು ಬಿಡುತ್ತ ನಿಂತಿರುವಾಗ ಗಂಡನ ಫೋನು ಬಂತು. ಪಾಪ, ಸಮಾಧಾನ ಹೇಳಲು ಮಾಡಿರಬೇಕು ಎಂದುಕೊಂಡು ಎತ್ತಿದಳು.

"ಹೇಮಾ, ಬುತ್ತಿ ಚೀಲ ನಿನ್ನ ಕಡೆನಽ ಉಳೀತಲ್ಲ! ಈಗ ಕಾಕಾಗ ಏನ್ ಕೊಡೂದು?"

ಅವಳು ಫೋನು ಕಟ್ ಮಾಡಿದಳು. ಕಟ್ಟೆಯ ಮೇಲೆ ಕೂತು ಒಂದು ರೊಟ್ಟಿಗೆ ಚಟ್ನಿ ಹಚ್ಚಿ, ಅಳುತ್ತ ತಿಂದಳು. ಉಳಿದದ್ದನ್ನೆಲ್ಲ ಚೂರು ಚೂರು ಮಾಡಿ ಕಡಲಹಕ್ಕಿಗಳಿಗೆ ಎರಚಿದಳು. ಸಂಜೆ ಹಸಿದು ಬಂದವರಿಗೆ ಅದೇ ದೊಡ್ಡ ಅಪರಾಧವಾಗಿ ಕಂಡಿತು. ಅನ್ನಪೂರ್ಣವ್ವ ಅನ್ನ ಚೆಲ್ಲಬಾರದು ಎಂದು ಬುದ್ಧಿ ಹೇಳಿದರು. ಶಂಭುಲಿಂಗ ಶಾಲು ವಾಪಸು ಕೊಟ್ಟು, "ಕಡೀತನಕ ನಿನ್ನ ಸೀಟು ಯಾರಿಗೂ ಬಿಟ್ಟುಕೊಡಲಿಲ್ಲ ನೋಡು" ಎಂದು ಹೆಮ್ಮೆಪಟ್ಟ. ಅವಳು ಕಾಣಬೇಕಿದ್ದುದನ್ನೆಲ್ಲ ಆ ಶಾಲು ಕಂಡು ಬಂದಿತ್ತು.

ಈಗ ಟ್ರುಗನಿನಾದಲ್ಲಿ ಅದೇ ಫೋಟೋಗಳು. ಸೋಫಾದಲ್ಲಿ ಮೊದಲ ಸುತ್ತಿನ ಬಜ್ಜಿ ತಿನ್ನುತ್ತ ಬಸವಣ್ಣೆಪ್ಪ ದಂಪತಿಯೂ ಇದ್ದರು. ಸಿಡ್ನಿಯ ಎಪ್ಪಿಂಗಿನಿಂದ ಬಂದಿದ್ದ ನಿವೇದಿತಾ ಎಂಬ ಬೆಂಗಳೂರಿನ ಹುಡುಗಿ, ಶಂಭುಲಿಂಗನ ಸಹೋದ್ಯೋಗಿಯ ಹೆಂಡತಿ, ಒಂದೊಂದನ್ನೂ ಬೆರಗಿನಿಂದ ನೋಡುತ್ತಿದ್ದಳು.

"ನಾವೂ ಹೋಗ್ಬೇಕು ಅಂಕಲ್. ಆದ್ರೆ ವೆಜ್ ಫುಡ್ ತುಂಬಾ ಪ್ರಾಬ್ಲಮ್ ಅಂತಾರಲ್ಲ?"

"ಏನೂ ಇಲ್ಲ. ಮುಂದಿನ ವರ್ಷ ಐಸ್‌ಲ್ಯಾಂಡಿಗೆ ನಮ್ಮ ಜೋಡಿ ಬರ್ರಿ. ಹೇಮಾ ಇದ್ದಾಳಲ್ಲ."

ಬಜ್ಜಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದ ಹೇಮಲತಾ ಅಲ್ಲೇ ನಿಂತಳು.

"ಆಂಟಿ ಯಾವ ಫೋಟೋದಲ್ಲೂ ಇಲ್ವಲ್ಲ?" ನಿವೇದಿತಾ ಕೇಳಿದಳು.

"ಅಕೀಗೆ ಚಳಿ ತಡಿಯೂದಿಲ್ಲ. ತಾನಽ ಮನ್ಯಾಗ ಇರ್ತೀನಿ ಅಂದ್ಲು" ಎಂದು ಶಂಭುಲಿಂಗ ಗುಂಡಿ ಒತ್ತಿದ.

ಬೋಟಿನ ಹಿಂಬದಿಯಿಂದ ತೆಗೆದ ಚಿತ್ರ ಬಂತು. ದೂರ ಸರಿಯುವ ಹಳ್ಳಿ, ಮಂಜು ಕವಿದ ಬೆಟ್ಟ, ಕೆಳಗೆ ಕಟ್ಟೆಯ ಮೇಲೆ ಹಳದಿ ಬಟ್ಟೆಯಲ್ಲಿ ಒಂದು ಸಣ್ಣ ಆಕೃತಿ. ಅದರ ಕೈಯಲ್ಲೊಂದು ಚೀಲ.

"ವಾವ್! ಅಲ್ಲಿ ನಿಂತಿರೋದು ಯಾರು ಅಂಕಲ್?"

ಶಂಭುಲಿಂಗ ಬಗ್ಗಿ ನೋಡಿದ. "ಯಾರೋ ಅಲ್ಲೀ ಮೀನಗಾರ್ತಿ ಇರಬೇಕು. ಎಂಥಾ ಪೋಸ್ ಸಿಕ್ಕೈತಿ ನೋಡ್ರಿ."

ಇಪ್ಪತ್ತೈದು ವರ್ಷ ಜೊತೆಯಲ್ಲಿ ಉಂಡು ಮಲಗಿದ ಗಂಡ! ಹೇಮಲತಾ ಎರಡು ಹೆಜ್ಜೆ ಮುಂದೆ ಬಂದಳು.

"ಅದು ನಾನಽ" ಎಂದಳು.

ಬಸವಣ್ಣೆಪ್ಪ ಬಾಯಲ್ಲಿದ್ದ ಬಜ್ಜಿ ಅಗಿಯುವುದನ್ನು ನಿಲ್ಲಿಸಿದರು. ಹೇಮಲತಾ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು, ಗಂಡನ ಕೈಯಿಂದ ರಿಮೋಟ್ ತೆಗೆದುಕೊಂಡು, ನಿವೇದಿತಾಳ ಪಕ್ಕದಲ್ಲಿ ಕೂತಳು.

"ನನಗ ಚಳಿ ಆಗ್ತಿತ್ತು, ಖರೆ. ಜಾಕೆಟ್ ತಗದು ಹಿಟ್ಟು ತುಂಬಿದವರು ನೀವು. ಬೋಟ್ ತಪ್ಪಿಸಿದವರು ನೀವು. ಈಗ ಗುರ್ತೂ ಸಿಗವಲ್ದು ನಿಮಗ. ಬಜ್ಜಿ ಎಣ್ಯಾಗ ಅದಾವು, ಹೋಗಿ ಕರೀರಿ. ನಾ ಫಿಯೋರ್ಡ್ ನೋಡಬೇಕು."

"ಹೇಮಾ, ಮಂದಿ ಮುಂದ ಏನಿದು..."

"ಮಂದಿ ಮುಂದನಽ ಅಲ್ಲೇನ್ರಿ ನನ್ನ ಐಸ್‌ಲ್ಯಾಂಡಿಗೆ ಕೊಟ್ಟದ್ದು? ಹೋಗ್ರಿ."

ಅವನು ಹೋದ. ಹೋಗದೆ ಏನು ಮಾಡಿಯಾನು, ಎಣ್ಣೆ ಒಲೆಯ ಮೇಲಿತ್ತು. ಹೇಮಲತಾ ಚಿತ್ರಗಳನ್ನು ಮೊದಲಿಂದ ಹಚ್ಚಿದಳು. ಕಡಿದಾದ ಬೆಟ್ಟಗಳು ಎರಡೂ ಕಡೆ ಎದ್ದು ನಿಂತವು. ನೀರು ಅವಳು ಬೋರ್ಡಿನ ಮೇಲೆ ಬರೆಯುತ್ತಿದ್ದ ನೀಲಿಯಾಗಿರಲಿಲ್ಲ, ಹಸಿರಾಗಿತ್ತು. ಇಷ್ಟು ವರ್ಷ ಮಕ್ಕಳಿಗೆ ತಪ್ಪು ಬಣ್ಣ ತೋರಿಸಿದೆನಲ್ಲ ಎಂದುಕೊಂಡಳು. ಮುಂದಿನದರಲ್ಲಿ ಕಿಟಕಿಯ ಪಕ್ಕದ ಖಾಲಿ ಸೀಟು, ಸೀಟಿನ ಮೇಲೆ ಮಡಿಸಿಟ್ಟ ಅವಳ ಶಾಲು. ಅದನ್ನು ತುಂಬ ಹೊತ್ತು ನೋಡಿದಳು.

ಅಡುಗೆಮನೆಯಿಂದ ಸೀದ ವಾಸನೆ ಬಂತು. ಅದರ ಹಿಂದೆಯೇ ಸ್ಮೋಕ್ ಅಲಾರಂ ಬಡಿದುಕೊಂಡಿತು.

"ಹೇಮಾ! ಏ ಹೇಮಾ! ಇಲ್ಲಿ ಬಾ!"

ಅನ್ನಪೂರ್ಣವ್ವ ಅವಳ ಮುಖ ನೋಡಿದರು. ಹೇಮಲತಾ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಕಿಟಕಿ ತಗೀರಿ" ಎಂದು ಕೂಗಿ, ಮುಂದಿನ ಚಿತ್ರಕ್ಕೆ ಗುಂಡಿ ಒತ್ತಿದಳು.