ರತ್ನಾಬಾಯಿಯ ದನಿ

ಸುನಂದಾ, ನಿನ್ನ ಅವ್ವನ ದನಿಯನ್ನು ಗಾಳಿ ಕೆಡಿಸಲಿಲ್ಲ. ನಾನೇ ಅಳಿಸಿದೆ. ಇಷ್ಟು ವರ್ಷ ನಿನಗೆ ಹೇಳಿಕೊಂಡು ಬಂದದ್ದು ಸುಳ್ಳು.

ಬೀದರಿನಲ್ಲಿ ಈಗ ನಾನು ಹುಡುಗರಿಗೆ ಕಡಿಮೆ ಖರ್ಚಿನಲ್ಲಿ ಸಿನಿಮಾ ಮಾಡುವುದನ್ನು ಕಲಿಸುತ್ತೇನೆ. ಲೈಟು ಬಾಡಿಗೆಗೆ ತರಬೇಡಿ, ಬೆಳಗಿನ ಬಿಸಿಲು ಬಿಟ್ಟಿ ಸಿಗುತ್ತದೆ ಎನ್ನುತ್ತೇನೆ. ಬಟ್ಟೆ ಹೊಲಿಸಬೇಡಿ, ಮನೆಯಲ್ಲಿ ಉಡುವುದನ್ನೇ ಉಟ್ಟು ಬರಲಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಮೊದಲು ಒಳ್ಳೆಯ ಮೈಕು ಹೊಂದಿಸಿಕೊಳ್ಳಿ. ಹಿಡಿದ ದನಿಯನ್ನು ಎಂದೂ ಅಳಿಸಬೇಡಿ — ಇದನ್ನು ಮಾತ್ರ ಎರಡೆರಡು ಸಲ ಹೇಳುತ್ತೇನೆ. ಯಾಕೆಂದು ಅವರಾರಿಗೂ ಗೊತ್ತಿಲ್ಲ.

ಆ ಬರದ ವರ್ಷ ಔರಾದ್ ಕಡೆಯ ನಿಮ್ಮೂರು ಅರ್ಧ ಖಾಲಿಯಾಗಿತ್ತು. ಗುಳೆ ಹೋಗುವ ತಾಯಿ, ಊರಲ್ಲಿ ಉಳಿಯುವ ಮಗಳು — ಅದೇ ನನ್ನ ಸಿನಿಮಾದ ಕಥೆ. ಭಾಲ್ಕಿಯ ಹಾಸ್ಟೆಲಿನಲ್ಲಿ ಓದುತ್ತಿದ್ದ ನೀನು ಮಗಳಾದೆ. ನಿನ್ನ ಅವ್ವ ರತ್ನಾಬಾಯಿಯೇ ತಾಯಿ. ಕಟ್ಟಡದ ಕೆಲಸಕ್ಕೆಂದು ಅವಳು ನಿಜವಾಗಿಯೂ ಹೈದರಾಬಾದಿಗೆ ಹೊರಟಿದ್ದಳು. ಟೆಂಪೊ ಬಾಡಿಗೆ ಹಿಡಿಯುವುದೇಕೆ, ಅವಳು ಹೋಗುವ ಟೆಂಪೊವನ್ನೇ ಚಿತ್ರಿಸಿದರಾಯಿತು ಎಂಬುದು ನನ್ನ ಜಾಣತನ. ಕೇಳಿದಾಗ ನಕ್ಕಳು.

"ಹ್ಯಾಂಗೂ ಹೊಂಟೇನಿ ತಗೋ ತಮ್ಮಾ. ನಿನ್ನ ಸಿನಿಮಾದಾಗೂ ಹೊಂಟಂಗಾಗ್ಲಿ."

ಕಥೆಯಲ್ಲಿ ಮಗಳ ಹೆಸರು ಗೌರಿ. 'ಗೌರಿ, ಬರುತ್ತೇನೆ' ಎಂದಷ್ಟೇ ಅವಳು ಹೇಳಬೇಕಿತ್ತು. ಟೆಂಪೊ ಅಲುಗಿದ್ದೇ ಕ್ಯಾಮೆರಾ, ನಾನು, ಕಥೆ — ಎಲ್ಲವೂ ಅವಳಿಗೆ ಮರೆತುಹೋಯಿತು.

"ಸುನಂದಾ! ಪರೀಕ್ಷಾಕ್ಕ ಹಸದು ಹೋಗಬ್ಯಾಡ ನನ್ನವ್ವಾ! ಹೊಳ್ಳಿ ಬರ್ತೇನಿ, ಅಳಬ್ಯಾಡ... ಅಳಬ್ಯಾಡ..."

ನೀನು ಅಳುತ್ತ ನಿಂತಿದ್ದೆ. ಇನ್ನೊಮ್ಮೆ ಚಿತ್ರಿಸಲು ಟೆಂಪೊ ತಿರುಗಿ ಬರುವಂತಿರಲಿಲ್ಲ. ದನಿ ಮಾತ್ರ ತಿಳಿಯಾಗಿ, ಒಂದು ಉಸಿರೂ ತಪ್ಪದೆ ನನ್ನ ಮೈಕಿನಲ್ಲಿ ಕೂತಿತ್ತು.

ಬೆಂಗಳೂರಿನ ಎಡಿಟಿಂಗ್ ಕೋಣೆಯಲ್ಲಿ ಎಡಿಟರ್ ಅಲ್ಲಿಗೇ ನಿಲ್ಲಿಸಿದ. "ಹೆಸರೇ ತಪ್ಪಾಗಿದೆಯಲ್ಲ. ಈ ಭಾಷೆ ಯಾರಿಗೆ ಅರ್ಥ ಆಗುತ್ತೆ?" ಎಂದು ನಕ್ಕ. ನಾನೂ ನಕ್ಕೆ — ಅವಳ ಹಾಗೆಯೇ ಮಾತಾಡುವ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು. ಅವಳ ದನಿಯ ಜಾಗಕ್ಕೆ ಬೇರೊಬ್ಬ ಹೆಂಗಸು ಬಂದು 'ಗೌರಿ, ಬರುತ್ತೇನೆ' ಎಂದು ಶುದ್ಧವಾಗಿ ಹೇಳಿ ಹೋದಳು.

"ಹಳೇದನ್ನ ಇಟ್ಕೊಳ್ಳೋದಾ?" ಎಂದು ಎಡಿಟರ್ ಕೇಳಿದ.

"ಬೇಡ. ಅಳಿಸಿಬಿಡು."

ಭಾಲ್ಕಿಯಲ್ಲಿ ಚಿತ್ರ ತೋರಿಸಿದಾಗ ನಿನ್ನ ಅವ್ವ ಹೈದರಾಬಾದಿನಿಂದ ಬಂದಿದ್ದಳು. ಪರದೆಯ ಮೇಲೆ ತನ್ನ ತುಟಿ ಆಡಿ ಇನ್ನಾರದೋ ದನಿ ಹೊರಟಾಗ ನನ್ನ ಕಡೆ ತಿರುಗಿದಳು. "ಇದು ನನ್ನ ದನಿ ಅಲ್ಲಲಾ ತಮ್ಮಾ?"

ಗಾಳಿ ಬಡಿದು ಕೆಟ್ಟುಹೋಯಿತು ಎಂದೆ.

"ಹೋಗ್ಲಿ ಬಿಡು, ನೀ ಯಾಕ ಮಾರಿ ಸಣ್ಣ ಮಾಡ್ತಿ?" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಅವಳು ಹೈದರಾಬಾದಿನಲ್ಲೇ ತೀರಿಕೊಂಡ ಮೇಲೆ ನೀನು ಫೋನ್ ಮಾಡಿದೆ. "ಅಣ್ಣಾ, ಆ ಟೆಂಪೊ ಸೀನಿನ ಅಸಲಿ ದನಿ ಎಲ್ಲೆರ ಉಳದದೇನ್ರಿ? ಗಾಳಿ ಬಡದಿದ್ರೂ ನಡೀತದ್ರಿ. ಗಾಳಿಯೊಳಗೇ ಅವ್ವನ್ನ ಹುಡುಕ್ಕೋತೇನ್ರಿ."

ಆಗಲಾದರೂ ಹೇಳಬಹುದಿತ್ತು. ಇಲ್ಲ, ಎಲ್ಲ ಹಾಳಾಗಿತ್ತು ಎಂದೆ.

ಅವ್ವನ ಆ ದನಿ ಈಗ ನನ್ನ ಕಿವಿಯಲ್ಲಿದೆ. ಅಡುಗೆ ಮಾಡುವಾಗ, ರಸ್ತೆ ದಾಟುವಾಗ ಸುಮ್ಮನೆ ಎದ್ದು ಬರುತ್ತದೆ. 'ಹೊಳ್ಳಿ ಬರ್ತೇನಿ' ಎಂಬಲ್ಲಿ ಅದು ಸ್ವಲ್ಪ ನಡುಗುತ್ತಿತ್ತು. ಇನ್ನೊಮ್ಮೆ ಕೇಳಬೇಕು — ಒಂದೇ ಒಂದು ಸಲ — ಎಂದು ಜೀವ ಹಂಬಲಿಸುತ್ತದೆ. ನನಗೇ ಹೀಗಾದರೆ, ಅವಳು ಕರೆದದ್ದು ನಿನ್ನನ್ನು...

ನಿನ್ನೆ ಚಿತ್ರದಿಂದ ಆ ಬೇರೆ ಹೆಂಗಸಿನ ಮಾತನ್ನು ತೆಗೆದುಹಾಕಿದೆ. ಈಗ ರತ್ನಾಬಾಯಿ ಟೆಂಪೊದಿಂದ ಬಾಗಿ ಏನೋ ಹೇಳುತ್ತಾಳೆ. ದನಿಯಿಲ್ಲ. ದಿಟ್ಟಿಸಿ ನೋಡಿದರೆ ತುಟಿಯಲ್ಲಿ ನಿನ್ನ ಹೆಸರು ಕಾಣುತ್ತದೆ.

ಅದನ್ನು ಹಿಡಿದು ನಿನ್ನ ಮನೆಗೆ ಬರುತ್ತೇನೆ. ಇಲ್ಲಿ ಬರೆದದ್ದನ್ನೇ ನಿನ್ನೆದುರು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಅಣ್ಣಾ ಎನ್ನಬೇಕಿಲ್ಲ.